ತೋರುಬೆರಳು

ರಾತ್ರಿ ಪಾಳಿ ಮುಗಿಸಿ ಗಲಾಲಿಯ ದಂಡೆಗೆ ಬಂದರೆ
ನೀರು ಇಳಿದಿರುತ್ತದೆ. ಕಲ್ಲಿನ ಮೈಗೆಲ್ಲ ಪಾಚಿ,
ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ,
ನೆತ್ತಿಯ ಮೇಲೆಯೇ ಗಾಲಿ ಬಿಚ್ಚಿಕೊಂಡು ಇಳಿಯುವ ವಿಮಾನ.

ಎಣ್ಣೆಡಬ್ಬ ಬೋರಲು ಹಾಕಿ ಬು ರಾಶಿದ್ ಆಗಲೇ ಕೂತಿದ್ದಾನೆ.
ಅವನಿಗೆ ಕೋಲು ಬೇಡ, ರಾಟೆ ಬೇಡ.
ನೀರಿನ ಬಾಟಲಿಗೆ ಸುತ್ತಿದ ತಂಗೂಸು, ಒಂದು ಬೆರಳು.
"ನೀನು ನಿಂತಲ್ಲಿ ಎರಡಾಳು ನೀರಿತ್ತು,"
ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ ದಿನವೂ ಅದೇ ಮಾತು,
"ಮಣ್ಣು ತಂದು ಸುರಿದರು. ಮೀನಿಗೆ ಯಾರೂ ತಿಳಿಸಲಿಲ್ಲ."

ನಿನ್ನೆ ಉಳಿದ ಚಪಾತಿ ಹಿಟ್ಟನ್ನು
ಕಡಲೆಕಾಳಿನಷ್ಟು ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸುತ್ತೇನೆ.
ಸಾಫಿ ಎಂದರೆ ಪಾಚಿ ಮೇಯುವ ದನ,
ಸಿಗಡಿ ತೋರಿಸಿದರೆ ಮೂಗು ಮುರಿಯುತ್ತದೆ.

ಎಸೆದು, ನೂಲನ್ನು ತೋರುಬೆರಳ ಮೇಲೆ ಹಾಯಿಸಿ
ಕಣ್ಣು ಮುಚ್ಚುತ್ತೇನೆ.
ಈ ಬೆರಳಿಗೆ ಇದೇನು ಹೊಸ ಕೆಲಸವಲ್ಲ.
ರಾತ್ರಿಯಿಡೀ ವಾರ್ಡಿನಲ್ಲಿ ರಕ್ತ ತೆಗೆಯಲು ನರ ಹುಡುಕಿದೆ:
ಕಾಂಕ್ರೀಟು ಕಲಸುವ ಹುಡುಗನ ಹಗ್ಗದಂಥ ನರ,
ಸಕ್ಕರೆ ಕಾಯಿಲೆಯ ಮುದುಕನ ತೊಗಲಿನಡಿ ಜಾರಿ ಜಾರಿ
ಎಲ್ಲಿದ್ದೇನೆ ಹೇಳು ಎನ್ನುವ ನರ.

ನಮ್ಮ ಹಾರವಾಡದಲ್ಲಿ ಹೆಂಗಸರು ಗಾಳ ಮುಟ್ಟಿದವರಲ್ಲ.
ದೋಣಿ ಗಂಡಸರದು, ಬುಟ್ಟಿ ನಮ್ಮದು.
ನಲವತ್ತು ವರ್ಷದಿಂದ ಅಮ್ಮ ಅಂಕೋಲೆ ಪೇಟೆಯಲ್ಲಿ
ಕಿವಿರು ಎತ್ತಿ ತೋರಿಸಿ ಮಾರುತ್ತಾಳೆ.
ಸತ್ತ ಮೀನಿನ ಬಗ್ಗೆ ಅವಳಿಗೆ ತಿಳಿಯದ್ದಿಲ್ಲ.

ಮೊದಲು ಏನೂ ಇಲ್ಲ.
ಆಮೇಲೆ, ಟುಕ್.
ಬಾಗಿಲು ತಟ್ಟಲೋ ಬೇಡವೋ ಎಂದು ನಿಂತ
ಸಾಲ ಕೇಳಬಂದ ನೆಂಟನ ಹಾಗೆ
ಇನ್ನೊಮ್ಮೆ, ಟುಕ್.
"ಶ್ವಯ್ ಶ್ವಯ್, ಯಾ ಬಿಂತಿ," ಮುದುಕ ತಿರುಗಿಯೂ ನೋಡದೆ.
ಮೂರನೆಯದಕ್ಕೆ ಎಳೆದೆ.

ಅಂಗೈಯಗಲದ ಸಾಫಿ, ಬೂದು ಮೈತುಂಬ ಬಿಳಿ ಚುಕ್ಕಿ,
ಮೇಲೆ ಬಂದದ್ದೇ ಹೆದರಿ ಕಪ್ಪಿಟ್ಟಿತು.
ಗಾಳ ಬಿಡಿಸುವಾಗ ಬೆನ್ನ ಮುಳ್ಳು ನೆಟ್ಟಿತು ನೋಡಿ,
ಅದೇ ಬೆರಳಿಗೆ,
ಒಂದೇ ಚುಚ್ಚಿಗೆ, ಸರಿಯಾಗಿ!
ಭುಜದವರೆಗೂ ಏರಿದ ಉರಿ.
ಬು ರಾಶಿದ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಚಾಚಿದ.
ಬಾಯಿಗೆ ಒಯ್ದೆ. "ಕುಡಿಯಲಿಕ್ಕಲ್ಲ," ಎಂದು ನಕ್ಕ, "ಅದ್ದು."

ಬೆರಳು ಚಹಾದಲ್ಲಿಟ್ಟುಕೊಂಡೇ ಎಡಗೈಯಲ್ಲಿ ಫೋನು.
ಅಲ್ಲಿ ಪೇಟೆಯ ಹೊತ್ತು, ಅಮ್ಮನ ಹಿಂದೆ ನೀಲಿ ತಾಡಪಾಲು.
"ಎಷ್ಟ್ ಕೊಟ್ಟೆ ಇದ್ಕೆ?"
"ನಾನೇ ಹಿಡ್ದದ್ದು."
ಪೇಟೆಯ ಗದ್ದಲದ ನಡುವೆ ಅವಳೊಬ್ಬಳು ಸುಮ್ಮನಾದಳು.
"ಹ್ಯಾಂಗಿರ್ತದೆ ಅದು? ಎಳೀತದಲ, ಆವಾಗ?"
ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಯಾರೋ ಬಂಗಡೆಯ ರೇಟು ಕೇಳಿದರು.
"ನೂರಕ್ಕೆ ಆರು, ಬೇಕಾರೆ ತಕಾ, ಇಲ್ದಿರೆ ನಡಿ!"
ಫೋನು ಬುಟ್ಟಿಯ ಅಂಚಿಗೆ ಬಿದ್ದು
ಬಹಳ ಹೊತ್ತು ತಾಡಪಾಲನ್ನೇ ತೋರಿಸಿತು.

ಐದು ಸಿಕ್ಕವು. ಎರಡು ಮುದುಕ ಇಟ್ಟುಕೊಟ್ಟದ್ದು.
ಹೊಟ್ಟೆಯ ಕಪ್ಪು ಪೊರೆ ಉಜ್ಜಿ ಉಜ್ಜಿ ತೆಗೆಯಬೇಕು,
ಇಲ್ಲವಾದರೆ ಸಾರೆಲ್ಲ ಕಹಿ.
ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಒಂದೆರಡು ಮುರುಗಲ ಸಿಪ್ಪೆ,
ಇಳಿಸುವ ಮೊದಲು ಜಜ್ಜಿದ ಜುಮ್ಮನಕಾಯಿ
(ಏರ್‌ಪೋರ್ಟಿನಲ್ಲಿ ಅಧಿಕಾರಿ ಮೂಸಿ ಮೂರು ಸಲ ಸೀನಿದ್ದ).
ಮಾರಿಸೆಲ್ ಎದ್ದು ಬಂದು ಅಡುಗೆಕೋಣೆ ಬಾಗಿಲಲ್ಲೇ ಕೂತಳು.
ತಲೆಗಳೆಲ್ಲ ಅವಳಿಗೆ. ಅವಳ ಊರಲ್ಲಿ
ಕಣ್ಣು ತಿಂದವರಿಗೆ ಕಡಲು ಕಾಣುತ್ತದಂತೆ.
ಉಂಡು, ಪರದೆ ಎಳೆದು, ಇಬ್ಬರೂ ಹೆಣದಂತೆ ಮಲಗಿದೆವು.

ರಾತ್ರಿ ಬೆರಳು ಬಾಳೆಕಾಯಿಯಾಗಿತ್ತು.
ಹದಿನಾಲ್ಕನೇ ಹಾಸಿಗೆಯ ಅಜ್ಜಿ, ಯಾರಿಗೂ ಕೈ ಕೊಡದವಳು,
ಕೈಗವಸು ಹಾಕುವ ಮೊದಲೇ ನನ್ನ ಕೈ ಹಿಡಿದು
ಮೂಗಿನ ಹತ್ತಿರ ಒಯ್ದಳು.
ಸೋಪಿಗೂ ಸ್ಪಿರಿಟ್ಟಿಗೂ ಹೋಗದೆ ಉಳಿದದ್ದು ಅವಳಿಗೆ ಸಿಕ್ಕಿತು.
"ಸಾಫಿ?"
"ಸಾಫಿ," ಎಂದೆ.
"ಕರಿದೆಯೋ, ಸಾರು ಮಾಡಿದೆಯೋ?"
ಎನ್ನುತ್ತಲೇ ತೋಳು ಮೇಲೇರಿಸಿ
ತಾನಾಗಿಯೇ ಚಾಚಿದಳು.